ಆಕಳ ರೊಟ್ಟಿ

ನಾಯಿ ಅಂದಮೇಲೆ ತುರಿಸಿಕೊಳ್ಳುತ್ತದೆ, ಅದರಲ್ಲೇನು ಎಂದು ಹೇಳುವವರನ್ನು ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಅಂಥವರು ಒಂದು ಸಂಜೆ ನಮ್ಮ ಮನೆಯಲ್ಲಿ ಕೂತು ನೋಡಲಿ. ನಮ್ಮದು ಬಿಳಿಯ ಪೊಮೆರೇನಿಯನ್, ಮಡಿಲಲ್ಲಿ ಹಿಡಿಸುವಷ್ಟೇ ಜೀವ. ಅದು ಹಿಂಗಾಲೆತ್ತಿ ಕಿವಿಯ ಬುಡ ಕೆರೆಯತೊಡಗಿದರೆ ಕೊರಳಪಟ್ಟಿಯ ಬಿಲ್ಲೆ ನೆಲದ ಫರ್ಶಿಗೆ ಬಡಿದು ಟಕಟಕ ಎನ್ನುತ್ತಿತ್ತು. ಟಿವಿಯ ಸದ್ದು ಹೆಚ್ಚಿಸಿದರೂ ಅದು ಕೇಳುತ್ತಿತ್ತು. ಬಗಲಲ್ಲಿ, ಹೊಟ್ಟೆಯ ಮೇಲೆ, ಬೆರಳುಗಳ ಸಂದಿಯಲ್ಲಿ ಕೂದಲೆಲ್ಲ ಉದುರಿ ಚರ್ಮ ಕೆಂಪಗೆ ಹಸಿಯಾಗಿತ್ತು. ಕಿವಿಯಿಂದ ಹುಳಿ ವಾಸನೆ ಬರುತ್ತಿತ್ತು. ಲಿಫ್ಟಿನಲ್ಲಿ ನೆರೆಯವರು ಸೀರೆ ಎತ್ತಿಕೊಂಡು ಮೂಲೆಗೆ ಸರಿದು ನಿಂತು, ಮರಾಠಿಯಲ್ಲಿ ಬಹಳ ಮೃದುವಾಗಿ, ಇದು ನಮಗೂ ಹತ್ತುತ್ತದೇನ್ರಿ ಎಂದು ಕೇಳುತ್ತಿದ್ದರು. ಹತ್ತುವುದಿಲ್ಲ ಎಂದು ನಾನು ಹಲ್ಲು ಕಚ್ಚಿ ಹೇಳುತ್ತಿದ್ದೆ.

ನಾವಿರುವುದು ದೇಹೂ ರೋಡ್ ಸ್ಟೇಷನ್ನಿಗೆ ಹತ್ತಿರದ ಒಂದು ಸೊಸೈಟಿಯಲ್ಲಿ. ಮನೆಯಲ್ಲಿ ನಾನು, ನಮ್ಮ ಮನೆಯವರು, ನನ್ನ ಅವ್ವ. ನಾನು ತಳೇಗಾಂವದ ಕಾರ್ಖಾನೆಯೊಂದರ ಆಫೀಸಿಗೆ ಲೋಕಲ್ ಗಾಡಿಯಲ್ಲಿ ಹೋಗಿ ಬರುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಧಾರವಾಡದಿಂದ ಕರೆದುಕೊಂಡು ಬಂದೆ. ಬರುವಾಗ ಅವಳು ರೊಟ್ಟಿಯ ಹಂಚು, ದೇವರ ಪೆಟ್ಟಿಗೆ, ಹಿಟ್ಟು ನಾದುವ ಒಂದು ಕಂಚಿನ ಪರಾತ ತಂದಳು. ಜೊತೆಗೆ ತನ್ನ ಒಂದು ರೂಢಿಯನ್ನೂ ತಂದಳು. ದಿನದ ಮೊದಲ ಜೋಳದ ರೊಟ್ಟಿ ಮನೆಯವರದಲ್ಲ, ಆಕಳದು. ಧಾರವಾಡದಲ್ಲಿ ಆಕಳು ತಾನಾಗಿಯೇ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಇಲ್ಲಿ ಅವ್ವ ರೊಟ್ಟಿ ಹಿಡಿದು ಲಿಫ್ಟಿನಲ್ಲಿ ಇಳಿದು ಗೇಟಿನತನಕ ಹೋಗಿ ಅತ್ತ ಇತ್ತ ನೋಡಿ ವಾಪಸು ಬರುತ್ತಿದ್ದಳು. ಅದನ್ನು ಯಾರಿಗೂ ಕೊಡದೆ ತನ್ನ ತಾಟಿಗೆ ಕೈ ಹಾಕಲು ಅವಳಿಂದ ಆಗುತ್ತಿರಲಿಲ್ಲ. "ಯಾರಿಗೂ ಕೊಡಲಾರದ ಹೆಂಗ ಉಣ್ಣೂದು?" ಎಂದು ನನ್ನನ್ನೇ ಕೇಳುತ್ತಿದ್ದಳು, ನಾನೇನೋ ಆಕಳನ್ನು ಬಚ್ಚಿಟ್ಟವಳ ಹಾಗೆ.

ನಾಯಿಮರಿ ಬಂದ ಮೇಲೆ ಆ ತೊಂದರೆ ಮುಗಿಯಿತು. ಆಕಳ ರೊಟ್ಟಿ ನಾಯಿಯ ಪಾಲಾಯಿತು. ಹಂಚಿನಿಂದ ಇಳಿಸಿದ ಮೊದಲ ರೊಟ್ಟಿಗೆ ತುಪ್ಪ ಸವರಿ, ತುಂಡು ಮುರಿದು, ಊದಿ ಊದಿ ಆರಿಸಿ ಅವ್ವ ಅದರ ಬಾಯಿಗೇ ಇಡುತ್ತಿದ್ದಳು. ಇದಕ್ಕೂ ನಾಲ್ಕೇ ಕಾಲು, ಆಕಳಂತ ತಿಳಕೊಂಡ್ರಾತು ಎಂದು ನಮ್ಮ ಮನೆಯವರು ಅವ್ವನನ್ನು ಛೇಡಿಸುತ್ತಿದ್ದರು. ಅವ್ವ ನಗುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ಹೊಟ್ಟೆತುಂಬ ಉಂಡದ್ದು ಈ ನಾಯಿ ಎದುರಿಗೆ ಕೂತ ಮೇಲೆಯೇ. ಅದರ ಹೆಸರು ಏನಿದ್ದರೂ ಅವ್ವನಿಗೆ ಅದು ಕೂಸು.

ತುರಿಕೆ ಶುರುವಾದಾಗ ಶಾಂಪೂ ಬದಲಿಸಿದೆವು, ಪುಡಿ ಹಾಕಿದೆವು, ಇಂಜೆಕ್ಷನ್ ಕೊಡಿಸಿದೆವು. ಇಂಜೆಕ್ಷನ್ನಿಗೆ ನಾಲ್ಕು ದಿನ ಸುಖ, ಆಮೇಲೆ ಮತ್ತೆ ಅದೇ ಹಾಡು. ಕಡೆಗೆ ಡಾಕ್ಟರು ಬಹುಶಃ ತಿನ್ನುವುದರಲ್ಲಿ ಏನೋ ಇದಕ್ಕೆ ಒಗ್ಗುತ್ತಿಲ್ಲ ಎಂದರು. ಹಾಲಿರಬಹುದು, ತುಪ್ಪವಿರಬಹುದು, ಗೋದಿಯಿರಬಹುದು, ರಕ್ತ ತೆಗೆದು ನೋಡಿದರೂ ಖಾತ್ರಿಯಾಗಿ ತಿಳಿಯುವುದಿಲ್ಲ. ಅದನ್ನು ಕಂಡುಹಿಡಿಯಲು ಒಂದೇ ದಾರಿ: ಎರಡು ತಿಂಗಳು ತಾವು ಬರೆದುಕೊಟ್ಟ ಒಣ ಕಾಳಿನಂಥ ಆಹಾರ ಮತ್ತು ನೀರು, ಅಷ್ಟೇ. ಬೇರೆ ಒಂದು ಚೂರು ಹೊಟ್ಟೆಗೆ ಹೋದರೂ ಅಷ್ಟು ದಿನದ ಪಥ್ಯ ನೀರಲ್ಲಿ ಹೋಮ. ಮೈ ವಾಸಿಯಾದರೆ ಆಮೇಲೆ ಒಂದೊಂದೇ ಪದಾರ್ಥ ಕೊಟ್ಟು ನೋಡಬಹುದು. ಅವರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಮನೆಗೆ ಬಂದು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಎಲ್ಲ ಕೇಳಿ, ಆತವಾ ಎಂದಳು.

ಅವ್ವ ಮಾತು ಉಳಿಸಿಕೊಂಡಳು. ಮಾರನೆಯ ದಿನದಿಂದ ಮೊದಲ ರೊಟ್ಟಿ ಬಾಲ್ಕನಿಯ ಕಟ್ಟೆಗೆ ಹೋಯಿತು, ಕಾಗೆ ಬಂದರೆ ಬಂತು, ಪಾರಿವಾಳ ಬಂದರೆ ಬಂತು. ನಾಯಿ ಮಾತ್ರ ಎಂದಿನಂತೆ ಅವಳ ತಾಟಿನ ಎದುರು ಬಂದು ಕೂತು ಮುಖ ನೋಡುತ್ತಿತ್ತು. ಅವ್ವ ಗೋಡೆಯ ಕಡೆ ತಿರುಗಿ ಕೂತಳು. ಅದು ಸುತ್ತು ಹಾಕಿ ಗೋಡೆಯ ಕಡೆಗೂ ಬಂತು. ಎರಡು ರೊಟ್ಟಿ ಉಣ್ಣುವವಳು ಒಂದಕ್ಕೆ ಬಂದಳು, ಒಂದರಿಂದ ಅರ್ಧಕ್ಕೆ. ರವಿಕೆಯ ತೋಳು ಸಡಿಲಾಯಿತು. ಕೂಸಿಗೆ ಆರಾಮಾಗ್ಲಿ, ಆಮ್ಯಾಲೆ ಇಬ್ಬರೂ ಕೂಡೇ ಉಣ್ತೇವಿ ಎಂದಳು. ನಾಯಿಯ ಚರ್ಮ ಬೇಗ ಮಾಯದಿದ್ದರೆ ಅವ್ವನೂ ಕೈಬಿಟ್ಟು ಹೋಗುತ್ತಾಳೆ ಎಂಬ ಹೆದರಿಕೆ ನನ್ನನ್ನು ಹಿಡಿದುಕೊಂಡದ್ದು ಆಗಲೇ.

ಅದು ಮಾಯಲಿಲ್ಲ. ಒಂದು ತಿಂಗಳ ಮೇಲಾದರೂ ಬಗಲು ಹಸಿಯಾಗಿಯೇ ಇತ್ತು. ನನ್ನ ಸಿಟ್ಟು ನೆತ್ತಿಗೇರಿತು. ನಮ್ಮ ಮನೆಯವರು ಚಹಾದ ಜೊತೆ ತಿನ್ನುವ ಬಿಸ್ಕಿಟಿನ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟೆ. ನೀನೇನಾದರೂ ತಿನ್ನಿಸಿದೆಯಾ ಎಂದು ಮನೆಗೆಲಸದವಳನ್ನು ಕೇಳಿ ಅವಳ ಮುಖ ಕೆಡಿಸಿದೆ. ಕಡೆಗೆ ಅವ್ವನ ಎದುರು ನಿಂತು, ನಾನು ಆಫೀಸಿಗೆ ಹೋದ ಮೇಲೆ ನೀನೇ ಕದ್ದು ಕೊಡುತ್ತೀ ಎಂದೆ. ಅವ್ವ ಎದ್ದು ದೇವರ ಮುಂದೆ ಹೋಗಿ, "ಉರಿಯೋ ದೀಪ ಮುಟ್ಟಿ ಹೇಳ್ತೇನಿ. ಒಂದು ಚೂರೂ ಕೊಟ್ಟಿಲ್ಲ," ಎಂದಳು. ದೀಪ ಮುಟ್ಟಿ ಸುಳ್ಳು ಹೇಳುವ ಹೆಂಗಸಲ್ಲ ಅವಳು.

ಒಂದು ದಿನ ಆಫೀಸಿನಲ್ಲಿ ಕರೆಂಟು ಹೋಗಿ ನಮ್ಮನ್ನೆಲ್ಲ ಮಧ್ಯಾಹ್ನವೇ ಮನೆಗೆ ಕಳಿಸಿದರು. ಕೀಲಿ ತೆಗೆದು ಒಳಗೆ ಬಂದೆ. ಬಾಲ್ಕನಿಯ ಬಿಸಿಲಲ್ಲಿ ಅವ್ವ ಕಾಲು ಚಾಚಿ ಕೂತಿದ್ದಳು. ನಾಯಿ ಅವಳ ತೊಡೆಯ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿತ್ತು. ಪಕ್ಕದಲ್ಲಿ ಕಂಚಿನ ಪರಾತ, ಅದರಲ್ಲಿ ಬೆಣ್ಣೆಯಂತೆ ಬೆಳ್ಳಗಿನದು ಏನೋ. ನೋಡಿದ ಕೂಡಲೇ ನನಗೆ ಗೊತ್ತಾಯಿತು. ತೊಳೆದ ತುಪ್ಪ. ತುಪ್ಪವನ್ನು ಪರಾತದಲ್ಲಿ ಹಾಕಿ, ನೀರು ಸುರಿದು ಅಂಗೈಯಿಂದ ತಿಕ್ಕಿ, ನೀರು ಚೆಲ್ಲಿ, ಮತ್ತೆ ಸುರಿದು ಮತ್ತೆ ತಿಕ್ಕಿ, ನೂರು ಸಲ ತೊಳೆಯಬೇಕು ಎನ್ನುತ್ತಾರೆ. ಬೆಂಕಿ ತಾಗಿದ ಕೈಗೆ, ಬೇಸಿಗೆಯ ಬೊಕ್ಕೆಗೆ, ಕೂಸುಗಳ ತೊಡೆ ಸಂದಿಗೆ ನಮ್ಮ ಮನೆಯಲ್ಲಿ ಅದೇ ಮದ್ದು. ಕೈ ನೋಯುತ್ತದೆ ಎಂದು ಹಿಟ್ಟು ನಾದಲು ನನ್ನನ್ನು ಕರೆಯುವ ಅವ್ವ ಅದನ್ನು ಒಬ್ಬಳೇ ಕೂತು ತೊಳೆದಿದ್ದಳು. ಬೆರಳ ತುದಿಯಿಂದ ನಾಯಿಯ ಬಗಲಿಗೆ, ಹೊಟ್ಟೆಗೆ ಸವರುತ್ತಿದ್ದಳು. ನಾನು ನೋಡನೋಡುತ್ತಿದ್ದಂತೆ ನಾಯಿ ಕೊರಳು ಬಗ್ಗಿಸಿ ಸವರಿದ್ದನ್ನೆಲ್ಲ ನೆಕ್ಕಿತು, ಅವ್ವ ಮತ್ತೆ ಸವರಿದಳು.

ನಾನು ಕೂಗಾಡಿದ್ದು ಕೆಳಗಿನ ಮಹಡಿಗೆ ಕೇಳಿಸಿರಬೇಕು. ಅವ್ವ ಪರಾತವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗಾಬರಿಯಾಗಿ ನನ್ನನ್ನೇ ನೋಡುತ್ತಿದ್ದಳು.

"ತಿನ್ನಲಿಕ್ಕೆ ಕೊಟ್ಟಿಲ್ಲವಾ. ಭಾಳ ಉರೀತಿತ್ತು ಅದಕ್ಕ. ನೀ ಸಣ್ಣಾಕಿದ್ದಾಗ ನಿನಗೂ ಇದನ್ನ ಹಚ್ಚೀನಿ."

ಡಾಕ್ಟರಿಗೆ ಹೇಳಿದಾಗ ಅವರು ಬೈಯಲಿಲ್ಲ, ಹಣೆ ಮಾತ್ರ ತಿಕ್ಕಿಕೊಂಡರು. ಎಷ್ಟು ತೊಳೆದರೂ ಅದು ಹಾಲಿನಿಂದಲೇ ಬಂದದ್ದು, ಮೈಯಿಂದ ನೆಕ್ಕಿದರೂ ಹೋಗುವುದು ಹೊಟ್ಟೆಗೇ. ಮೊದಲಿನಿಂದ ಶುರುಮಾಡಿ ಎಂದರು.

ಈ ಸಲ ನಾನು ಅವ್ವನಿಗೆ ಹೇಳಿಬಿಟ್ಟೆ: ನಾಯಿಯನ್ನು ಮುಟ್ಟಬೇಡ, ಹತ್ತಿರ ಸೇರಿಸಬೇಡ, ನಿನ್ನ ಕೈಯಲ್ಲಿ ಸದಾ ಹಿಟ್ಟೋ ತುಪ್ಪವೋ ಇರುತ್ತದೆ. ಅವ್ವ ಇದನ್ನೂ ಪಾಲಿಸಿದಳು. ಎಷ್ಟು ಪಾಲಿಸಿದಳೆಂದರೆ ನನಗೇ ಸಾಕಾಯಿತು. ನಾಯಿ ಬಾಲ ಅಲ್ಲಾಡಿಸುತ್ತ ಬಂದರೆ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು, ಹೋಗ್, ಆ ಕಡೆ ಹೋಗ್ ಎನ್ನುತ್ತಿದ್ದಳು. ಮೊದಮೊದಲು ಅದಕ್ಕೆ ಅದು ಆಟವೆನಿಸಿತು, ಕುಣಿದು ಅವಳ ಮೇಲೇ ಹಾರಿತು. ಆಗ ಅವ್ವ ಪೇಪರು ಸುರುಳಿ ಸುತ್ತಿ ನೆಲಕ್ಕೆ ಬಡಿದಳು. ಅಡುಗೆಮನೆಯ ಹೊಸ್ತಿಲ ಹತ್ತಿರ ಬಂದರೆ ಬಡಿದಳು, ಉಣ್ಣುವಾಗ ಬಂದರೆ ಬಡಿದಳು. ಒಮ್ಮೆ ಬಡಿದು, ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡದ್ದನ್ನು ನಾನೇ ಕಂಡೆ. ಕೆಲವೇ ದಿನಗಳಲ್ಲಿ ನಾಯಿ ಕಲಿತಿತು. ಅವ್ವ ಒಂದು ಕೋಣೆಗೆ ಬಂದರೆ ಅದು ಎದ್ದು ಇನ್ನೊಂದಕ್ಕೆ ಹೋಗತೊಡಗಿತು.

ಹೊಟ್ಟೆಯ ಚರ್ಮ ನಿಧಾನಕ್ಕೆ ತಿಳಿಯಾಯಿತು. ಬಗಲಲ್ಲಿ ಎಳೆ ಕೂದಲು ಮೂಡಿದಾಗ ನಾನು ಅವ್ವನನ್ನು ಕರೆದು ದೂರದಿಂದಲೇ ತೋರಿಸಿದೆ. ಅವಳು ಅಲ್ಲಿಂದಲೇ ಕೈ ಮುಗಿದಳು. ಆದರೆ ಕಿವಿ ಮತ್ತು ಪಂಜಗಳು ಬಿಡಲಿಲ್ಲ. ಎರಡು ತಿಂಗಳು ಮುಗಿಸಿ ಹೋದಾಗ ಡಾಕ್ಟರು ಇನ್ನೊಂದು ಸುದ್ದಿ ಹೇಳಿದರು. ಇದಕ್ಕೆ ಒಗ್ಗದಿರುವುದು ಊಟ ಒಂದೇ ಅಲ್ಲ, ಧೂಳು, ಹುಲ್ಲು, ಗಾಳಿಯಲ್ಲಿರುವ ಏನೇನೋ. ಊಟ ತಡೆಯಬಹುದು, ಗಾಳಿಯನ್ನು ಹೇಗೆ ತಡೆಯುತ್ತೀರಿ? ಬದುಕಿರುವತನಕ ಗುಳಿಗೆ, ಸ್ನಾನ, ಕಿವಿಗೆ ಹನಿ. ಇದು ಹೋಗುವ ರೋಗವಲ್ಲ. ಹೊರಗೆ ರಸ್ತೆ ಅಗೆದು ಬಿಟ್ಟಿದ್ದರು, ಲಾರಿ ಹೋದಾಗಲೆಲ್ಲ ಕೆಂಪು ಧೂಳು ಕ್ಲಿನಿಕ್ಕಿನ ಬಾಗಿಲತನಕ ಬರುತ್ತಿತ್ತು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ರಿಕ್ಷಾದಲ್ಲಿ ಕೂತು ಅತ್ತೆ.

ಡಾಕ್ಟರು ಒಂದು ಒಳ್ಳೆಯ ಮಾತನ್ನೂ ಹೇಳಿದ್ದರು. ಈಗ ಒಂದೊಂದೇ ಪದಾರ್ಥ ಕೊಟ್ಟು ನೋಡಬಹುದು, ಯಾವುದರಿಂದ ಶುರುಮಾಡೋಣ? ನಾನು ಯೋಚಿಸದೆ ಜೋಳದ ರೊಟ್ಟಿ ಎಂದೆ. ತುಪ್ಪ ಮುಟ್ಟಿಸದ ಒಣ ರೊಟ್ಟಿ, ದಿನಕ್ಕೆ ಒಂದು ತುಂಡು, ಆಗಲಿ ಎಂದರು. ಮನೆಗೆ ಬಂದು ಗಾಳಿ ಧೂಳಿನ ಕಥೆ ಹೇಳಿದಾಗ ಅವ್ವ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ರೊಟ್ಟಿಯ ವಿಷಯ ಹೇಳಿದಾಗ ಮಾತ್ರ ಎರಡೆರಡು ಸಲ ಕೇಳಿದಳು. "ನನ್ನ ಕೈಲೇ ಕೊಡಬಹುದಲ್ಲ?" ಎಂದಳು. ಕೊಡಬಹುದು ಎಂದೆ.

ಮರುದಿನ ಅವಳು ಬೇಗ ಸ್ನಾನ ಮುಗಿಸಿದಳು. ಹೊಸ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿದಳು, ನನ್ನನ್ನು ಕರೆಯಲಿಲ್ಲ. ತುಪ್ಪದ ಡಬ್ಬಿಯನ್ನು ಫ್ರಿಜ್ಜಿನ ಹಿಂದಕ್ಕೆ ತಳ್ಳಿದ್ದಳು. ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಇಳಿಸಿ, ಮುರಿದು, ಊದಿ ಊದಿ ಆರಿಸಿ, ಅಡುಗೆಮನೆಯ ನೆಲದ ಮೇಲೆ ಕೂತಳು. "ಬಾ ಕೂಸ. ನಿಂದ ಅದ ಇದು," ಎಂದು ಕರೆದಳು.

ನಾಯಿ ಹೊಸ್ತಿಲತನಕ ಬಂದು ನಿಂತಿತು. ರೊಟ್ಟಿಯ ವಾಸನೆಗೆ ಅದರ ಮೂಗು ಅರಳಿತು, ಜೊಲ್ಲು ಇಳಿಯಿತು. ಅವ್ವ ಕೈ ಮುಂದೆ ಚಾಚಿದಳು. ಅದು ಆ ಕೈಯನ್ನು ನೋಡಿತು, ನನ್ನ ಮುಖ ನೋಡಿತು. ಹೋಗು, ತಿನ್ನು ಎಂದೆ. ಕಿವಿ ಹಿಂದಕ್ಕೆ ಮಡಚಿಕೊಂಡು, ಬಾಲ ಕಾಲೊಳಗೆ ಸೇರಿಸಿ ಅದು ಹಿಂದೆ ಸರಿಯಿತು. ಅವ್ವ ತುಂಡನ್ನು ನೆಲದ ಮೇಲಿಟ್ಟು ತಾನೇ ದೂರ ಸರಿದು ಕೂತಳು. ನಾಯಿ ಸೋಫಾದ ಹಿಂದೆ ಹೋಯಿತು. ನಾನು ಎತ್ತಿಕೊಂಡು ತಂದು ಅವಳ ಎದುರು ಇಳಿಸಿದೆ, ಅದು ನಡುಗುತ್ತ ನನ್ನ ಕಾಲಿಗೆ ಅಂಟಿಕೊಂಡಿತು.

"ಬಿಡವಾ, ಹೆದರಿಸಬ್ಯಾಡ," ಎಂದಳು ಅವ್ವ. "ನಾನ ಕಲಿಸೇನಿ. ಛಲೋ ಕಲ್ತದ."

ಬಿಟ್ಟ ಕೂಡಲೇ ನಾಯಿ ಸೋಫಾದ ಹಿಂದೆ ಸೇರಿಕೊಂಡು ಕಿವಿ ಕೆರೆಯತೊಡಗಿತು, ಬಿಲ್ಲೆ ಟಕಟಕ ನೆಲಕ್ಕೆ ಬಡಿಯಿತು. ಅವ್ವ ಮೊಣಕಾಲ ಮೇಲೆ ಕೈಯೂರಿ ಎದ್ದು ಗ್ಯಾಸು ಆರಿಸಿದಳು. ಉಳಿದ ಹಿಟ್ಟಿನ ಮೇಲೆ ತಾಟು ಮುಚ್ಚಿ, ಇವತ್ತು ನನಗೆ ರೊಟ್ಟಿ ಬೇಡ ಎಂದಳು.