ಜ್ವರಕ್ಕೆ ಕೂತ ಸೀಟು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ ಬಿಡಿ. ಭಾನುಪ್ರಿಯ ಅಂತ ನನ್ನ ಹೆಸರು. ಹನ್ನೊಂದು ವರ್ಷದಿಂದ ಅಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟುಕೊಂಡಿದ್ದೇನೆ. ತಮ್ಮ ಹುಟ್ಟಿದ ತಾರೀಕನ್ನೇ ಮೂರು ಥರ ಹೇಳುವ ಜನರ ಜೊತೆ ದಿನವಿಡೀ ಏಗುವವಳಿಗೆ ಸಿಟ್ಟು ಬರದೆ ಇನ್ನೇನು ಬರಬೇಕು? ಅಂಥ ನನ್ನನ್ನು ಒಂದು ಮಧ್ಯಾಹ್ನ, ಊಟವನ್ನೂ ಮಾಡಗೊಡದೆ, ಸ್ಕೂಟಿ ಮೇಲೆ ಹಾರೋಹಳ್ಳಿವರೆಗೆ ಓಡಿಸಿದವಳು ಹೊಂಗನೂರಿನ ನಯನ.

ನಯನಳ ಅಪ್ಪ ಪುಟ್ಟಲಿಂಗಯ್ಯ ಕುರಿ ಸಾಕಿದ್ದಾರೆ, ಅವ್ವ ದಾಸಮ್ಮ ರೇಷ್ಮೆ ಹುಳ ಸಾಕುತ್ತಾರೆ. ಹುಡುಗಿ ಬಿ.ಕಾಂ. ಮುಗಿಸಿ ನಾಲ್ಕು ವರ್ಷದಿಂದ ಹಾರೋಹಳ್ಳಿಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದಾಳೆ. ಮಾತು ಕಮ್ಮಿ. ಆದರೆ ಒಂದು ಸಲ ನನ್ನ ಅಂಗಡಿಯಲ್ಲಿ ಕೂತು ಹೇಳಿದ್ದಳು: "ಕಂಪನೀಲಿ ಯಾವ ಸಾಮಾನು ಯಾವತ್ತು ಬತ್ತದೆ ಅಂತ ತಿಂಗಳು ಮೊದ್ಲೇ ಗೊತ್ತಿರ್ತದೆ ಭಾನಕ್ಕ. ನಮ್ಮೂರಲ್ಲಿ ಹುಳ ಹಣ್ಣಾದ ದಿನ ಆಳು ಹುಡುಕಕ್ಕೆ ಓಡ್ತೀವಿ. ಇದನ್ನ ಸರಿ ಮಾಡೋ ಓದು ಐತಂತೆ. ನಾನು ಓದ್ಬೇಕು." ಆ ಓದು ಬೆಂಗಳೂರಿನ ಬಿಸಿನೆಸ್ ಸ್ಕೂಲುಗಳಲ್ಲಿತ್ತು. ಅದರ ಬಾಗಿಲು ತಟ್ಟುವ ಕೆಲಸ ನನ್ನ ಅಂಗಡಿಯಿಂದ ಶುರುವಾಯಿತು.

ಹೋದ ವರ್ಷ ಎರಡು ಕಡೆ ಅರ್ಜಿ ಹಾಕಿದಳು, ಎರಡು ಕಡೆಯೂ ಆಗಲ್ಲ ಅಂದರು. ಮೊದಲನೆಯದಕ್ಕೆ ನನ್ನ ಪ್ರಿಂಟರ್ ಪಕ್ಕದಲ್ಲೇ ನಿಂತು ಗೊಳೋ ಎಂದು ಅತ್ತಳು. ಎರಡನೆಯದಕ್ಕೆ ಅಳಲಿಲ್ಲ, ಯಾಕೆ ಆಗಲಿಲ್ಲ ತಿಳಿಸುತ್ತೀರಾ ಎಂದು ಮರ್ಯಾದೆಯಿಂದ ಒಂದು ಪತ್ರ ಬರೆದಳು. ಉತ್ತರ ಬರುತ್ತದೆ ಅಂತ ನಾನಂತೂ ನಂಬಿರಲಿಲ್ಲ. ಬಂತು! "ನೀವು ಎಲ್ಲಿ ಕೆಲಸ ಮಾಡಿದಿರಿ ಎಂಬುದು ತಿಳಿಯಿತು, ಸ್ವಂತವಾಗಿ ಏನು ಮಾಡಿದಿರಿ ಎಂಬುದು ತಿಳಿಯಲಿಲ್ಲ." ಅಷ್ಟೇ ಇತ್ತು. ನಯನ ಅದನ್ನು ಚೀಟಿಯಲ್ಲಿ ಬರೆದು ಮೊಬೈಲ್ ಕವರಿನೊಳಗೆ ಇಟ್ಟುಕೊಂಡಳು.

ಈ ವರ್ಷ ಮತ್ತೆ ಎರಡು ಕಡೆ. ಪರೀಕ್ಷೆ, ಸಂದರ್ಶನ ಎಲ್ಲ ದಾಟಿದ ಮೇಲೂ ಒಂದು ಕಡೆ ಇಲ್ಲ ಅಂದರು. ಉಳಿದಿದ್ದು ಒಂದೇ. ಅದೂ ಹೋದರೆ ಮುಗಿಯಿತು, ಪರೀಕ್ಷೆಯ ಅಂಕಗಳ ಅವಧಿಯೂ ಮುಗಿಯುತ್ತಿತ್ತು, ಅವಳ ಧೈರ್ಯವೂ ಮುಗಿಯುತ್ತಿತ್ತು.

ಏಪ್ರಿಲ್ ಕೊನೆಯ ಒಂದು ಭಾನುವಾರ ಆ ಉಳಿದ ಕಡೆಯಿಂದ ಮೇಲ್ ಬಂತು. ನಯನ ಅದನ್ನು ತೆರೆಯಲೂ ಹೆದರಿ, ಅವ್ವನನ್ನು ಕರೆದುಕೊಂಡು ಅಂಗಡಿಗೆ ಬಂದಳು. ನಾನು ಎರಡು ಪುಟ ಪ್ರಿಂಟ್ ತೆಗೆದು ಮೊದಲ ಪುಟದ ಮೇಲಿನ ನಾಲ್ಕು ಸಾಲು ಓದಿದೆ.

"ಏನಂತೆ ಭಾನು?" ಅಂದರು ದಾಸಮ್ಮ.

"ಆಗಲ್ಲ ಅಂದಿಲ್ಲ ದಾಸಕ್ಕ, ಆಯ್ತು ಅಂತಾನೂ ಅಂದಿಲ್ಲ. ವೇಟಿಂಗ್ ಲಿಸ್ಟಲ್ಲಿ ಇಟ್ಟವ್ರೆ. ಯಾರಾದ್ರೂ ಬುಟ್ಟೋದ್ರೆ ಇವಳಿಗೆ ಸೀಟು."

ದಾಸಮ್ಮ ಕಾಗದವನ್ನು ಕೈಗೆ ತೆಗೆದುಕೊಂಡರು. "ಹಂಗಾರೆ ಜ್ವರಕ್ಕೆ ಕೂತೈತೆ ಅನ್ನು," ಅಂದರು.

ರೇಷ್ಮೆ ಹುಳ ಸಾಕದವರಿಗೆ ಇದನ್ನು ಬಿಡಿಸಿ ಹೇಳಬೇಕು. ಹುಳ ಗೂಡು ಕಟ್ಟುವುದಕ್ಕೆ ಮುಂಚೆ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತು ಹಳೇ ಚರ್ಮ ಕಳಚುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ, ತಟ್ಟೆ ಅಲುಗಿಸುವಂತಿಲ್ಲ. ಮುಟ್ಟಿದರೆ ಬೆಳೆ ಕೆಟ್ಟಿತೆಂದೇ ಲೆಕ್ಕ. ನಾಲ್ಕೂ ಜ್ವರ ದಾಟಿದ ಹುಳ ಗೂಡು ಕಟ್ಟಲು ತಯಾರಾದರೆ ಹಣ್ಣಾಯಿತು ಎನ್ನುತ್ತಾರೆ.

"ಹೋದೊರ್ಷ ಎರಡು, ಈ ವರ್ಷ ಒಂದು, ಇದು ನಾಕನೇದು," ಎಂದು ದಾಸಮ್ಮ ಬೆರಳು ಮಡಚಿದರು. "ನಾಕನೇ ಜ್ವರ ಆದ್ಮೇಲೆ ಇನ್ನೊಂದು ಜ್ವರ ಇಲ್ಲ ಕಣವ್ವ, ಹಣ್ಣಾಗೋದೇಯ. ಯಾರೂ ಮುಟ್ಬೇಡಿ. ಫೋನು ಬೇಡ, ಕಾಗ್ದ ಬೇಡ, ಕೇಳಾದೂ ಬೇಡ." ಆ ಎರಡು ಪುಟವನ್ನು ಮಡಚಿ ಸೆರಗಿಗೆ ಕಟ್ಟಿಕೊಂಡು ಹೋಗಿ, ಹುಳದ ಮನೆಯಲ್ಲಿ ದೇವರ ಪಟದ ಹಿಂದೆ ಇಟ್ಟು, ಅರಿಶಿನ ಕುಂಕುಮ ಇಟ್ಟರು. ನಾನೂ ಹುಳದ ಮನೆಯಲ್ಲೇ ಹುಟ್ಟಿದವಳು. ಆ ಮಾತು ನನಗೆ ಎಷ್ಟು ಸರಿ ಅನ್ನಿಸಿತೆಂದರೆ ಹೂಂ ಹೂಂ ಎಂದು ತಲೆಯಾಡಿಸಿದೆ. ಊರವರ ಅರ್ಜಿಯ ಒಂದೊಂದು ಅಕ್ಷರ ಓದುವ ನಾನು, ಅವತ್ತು ಎರಡನೇ ಪುಟ ತಿರುವಿ ನೋಡಲಿಲ್ಲ.

ಹತ್ತು ದಿನ ಕಳೆದು ಗುರುವಾರ ಬಂತು. ಗಿರಾಕಿಗಳು ಇರಲಿಲ್ಲ. ಕಂಪ್ಯೂಟರಿನಲ್ಲಿ ತುಂಬಿಕೊಂಡಿದ್ದ ಹಳೇ ಕಡತ ಅಳಿಸುತ್ತಾ ಕೂತಿದ್ದೆ. ನಯನಳ ಕಡತ ತೆರೆದುಕೊಂಡಿತು, ಸುಮ್ಮನೆ ಕೆಳಗೆ ಎಳೆದೆ. ಎರಡನೇ ಪುಟದ ನಡುವೆ ಹೀಗಿತ್ತು: ಪಟ್ಟಿಯಲ್ಲಿ ಉಳಿಯಲು ಇಷ್ಟವಿರುವವರು ಗುರುವಾರ, ಅಂದರೆ ಅವತ್ತೇ, ಸಂಜೆ ಐದರೊಳಗೆ ಒಪ್ಪಿಗೆ ತಿಳಿಸಬೇಕು. ಅರ್ಜಿ ಹಾಕಿದ ಮೇಲೆ ಹೊಸದೇನಾದರೂ ಮಾಡಿದ್ದರೆ ಒಂದು ಪುಟದಲ್ಲಿ ಬರೆಯಬಹುದು. ಉತ್ತರ ಬಾರದವರ ಹೆಸರು ತೆಗೆಯಲಾಗುವುದು.

ಅಯ್ಯೋ ನನ್ನ ತಲೆಗಿಷ್ಟು! ಗಡಿಯಾರ ನೋಡಿದೆ, ಹನ್ನೆರಡೂ ನಲವತ್ತು. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದವಳು ನಾನೇ.

ಒಪ್ಪಿಗೆ ನಾನೇ ಕೊಡೋಣವೆಂದರೆ ನಯನಳ ಮೊಬೈಲಿಗೆ ಬರುವ ಓಟಿಪಿ ಬೇಕು, ಅವಳ ಫೋನು ಸ್ವಿಚ್ ಆಫ್. ಕಾರ್ಖಾನೆಯಲ್ಲಿ ಎಲ್ಲರ ಮೊಬೈಲನ್ನೂ ಗೇಟಿನಲ್ಲೇ ಇಸಿದುಕೊಳ್ಳುತ್ತಾರೆ. ಗೇಟಿಗೇ ಫೋನು ಮಾಡಿದೆ. ಕಾವಲಿನ ಇಮಾಮ್ ಸಾಬ್ ಎತ್ತಿದರು.

"ಸಾವು-ನೋವು ಆದ್ರೆ ಮಾತ್ರ ಒಳಗೆ ಹೇಳಿ ಕಳಿಸ್ತೀವಿ ಅಮ್ಮ. ಏನಾದ್ರೂ ಆಗೈತಾ?"

"ಆಗಿಲ್ಲ! ಐದು ಗಂಟೆಗೆ ಆಗ್ತದೆ!" ಎಂದು ಕಿರುಚಿದೆ. ಅವರು ಹುಚ್ಚಿ ಅಂದುಕೊಂಡು ಇಟ್ಟುಬಿಟ್ಟರು.

ಶಟರ್ ಎಳೆದು ಸ್ಕೂಟಿ ಹತ್ತಿದೆ. ರಾಮನಗರ ದಾಟಿ, ಬಿಡದಿಯಲ್ಲಿ ತಿರುಗಿ ಹಾರೋಹಳ್ಳಿ ರಸ್ತೆ ಹಿಡಿದೆ. ದಾರಿಗೆ ಅಡ್ಡ ಬಂದ ಲಾರಿಗಳಿಗೆಲ್ಲ ಬೈದೆ, ನನಗೆ ನಾನೇ ಇನ್ನೂ ಜಾಸ್ತಿ ಬೈದುಕೊಂಡೆ. ಗೇಟು ಮುಟ್ಟಿದಾಗ ಎರಡೂ ಐವತ್ತು. ಇಮಾಮ್ ಸಾಬ್ ನನ್ನ ಧೂಳು ಮೆತ್ತಿದ ಮುಖ ನೋಡಿದ್ದೇ ಒಳಗೆ ಹೇಳಿ ಕಳಿಸಿದರು. ಸೂಪರ್‌ವೈಸರು ಗೇಟ್ ಪಾಸ್ ಕೊಟ್ಟು ನಯನ ಹೊರಗೆ ಬರುವ ಹೊತ್ತಿಗೆ ಮೂರೂವರೆ.

ವಿಷಯ ಕೇಳಿ ಅವಳ ಮುಖ ಬಿಳಿಚಿಕೊಂಡಿತು. "ನಾವು ಮುಟ್ಟಲೇ ಇಲ್ವಲ್ಲ ಅಕ್ಕ..."

"ನನಗೆ ಬೈಯೋದು ಆಮೇಲೆ ಇಟ್ಕೋ. ಮೊದ್ಲು ಒಪ್ಪಿಗೆ ಕೊಡು, ಆಮೇಲೆ ಆ ಒಂದು ಪುಟ ಬರಿ."

ಗೇಟಿನಿಂದ ವಾಪಸ್ ಇಸಿದುಕೊಂಡ ಮೊಬೈಲಿನಲ್ಲಿ ಒಪ್ಪಿಗೆಯ ಗುಂಡಿ ಒತ್ತಿದರೆ, ಪುಟವನ್ನೂ ಜೊತೆಗೇ ಕಳಿಸಿ, ಆಮೇಲೆ ಸೇರಿಸಲಾಗದು ಎಂದು ತೋರಿಸಿತು. ಕಾವಲು ಕೋಣೆಯ ಬೆಂಚಿನ ಮೇಲೆ ಕೂತೆವು. ಹದಿನೈದು ನಿಮಿಷದಲ್ಲಿ ಬರೆದು ತೋರಿಸಿದಳು. ನಾವು ಬಡವರು, ನಮ್ಮ ತಂದೆ ಕುರಿ ಕಾಯುತ್ತಾರೆ, ದಯವಿಟ್ಟು ಕರುಣೆ ತೋರಿ...

"ಅಳಿಸು ಇದನ್ನ!" ಅಂದೆ. "ಹಿಂಗೆ ಬರೆದ್ರೆ ಅಯ್ಯೋ ಪಾಪ ಅಂತಾರೆ, ಸೀಟು ಕೊಡಲ್ಲ. ಹೊಸದೇನು ಅಂತ ಕೇಳವ್ರೆ. ಅರ್ಜಿ ಹಾಕಿದ್ಮೇಲೆ ಏನ್ ಮಾಡಿದ್ದೀಯ ಹೇಳು."

"ಏನೂ ಇಲ್ಲ ಅಕ್ಕ. ಕೆಲ್ಸ, ಮನೆ. ಆಮೇಲೆ ಒಸಿ ಆ ಗೋಡೆ ಪಟ್ಟಿ."

"ಯಾವ ಗೋಡೆ ಪಟ್ಟಿ?"

ಆಗ ಬಾಯಿ ಬಿಟ್ಟಳು. ಊರಿನಲ್ಲಿ ಎಲ್ಲರೂ ಒಂದೇ ದಿನ ಮರಿಹುಳ ತರುತ್ತಿದ್ದರಂತೆ, ಎಲ್ಲರ ಮನೆಯಲ್ಲೂ ಒಂದೇ ದಿನ ಹಣ್ಣಾಗುತ್ತಿದ್ದವಂತೆ. ಹಣ್ಣಾದ ಹುಳವನ್ನು ಆಗಿಂದಾಗ ಎತ್ತಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಅದು ನೂಲನ್ನು ತಟ್ಟೆಯಲ್ಲೇ ಸುರಿದು ಹಾಳು ಮಾಡುತ್ತದೆ. ಆಳು ಸಿಗದೆ ಪ್ರತಿ ಬೆಳೆಯೂ ಅಷ್ಟಷ್ಟು ನಷ್ಟ. ಇವಳು ಹತ್ತೊಂಬತ್ತು ಮನೆ ಹತ್ತಿ ಇಳಿದು, ಒಪ್ಪದವರ ಕೈಲಿ ಬೈಸಿಕೊಂಡು, ಯಾರ ಮನೆಗೆ ಯಾವ ದಿನ ಮರಿ ಬರಬೇಕು ಅಂತ ತಮ್ಮ ಹುಳದ ಮನೆ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿದ್ದಳು. ಒಬ್ಬರದು ಹಣ್ಣಾದ ದಿನ ಉಳಿದವರು ಬಂದು ಎತ್ತಿಕೊಡುವುದು. ಎರಡು ಬೆಳೆ ಆಗಿತ್ತು. ಆಳಿಲ್ಲ ಅಂತ ಒಂದು ತಟ್ಟೆಯೂ ಹಾಳಾಗಿರಲಿಲ್ಲ.

"ಅದೂ ಒಂದು ಕೆಲ್ಸಾನಾ ಅಕ್ಕ?" ಅಂದಳು.

ನಾನು ಬಾಯಿ ತೆರೆಯುವ ಮುಂಚೆ ಇಮಾಮ್ ಸಾಬ್ ಬಾಗಿಲಿನಿಂದ ಹೇಳಿದರು: "ನಮ್ದೂ ಹುಳದ ಮನೇನೇ ಇತ್ತು ತಾಯಿ. ಇದನ್ನ ಯಾರಾದ್ರೂ ಆವಾಗ್ಲೇ ಮಾಡಿದ್ರೆ ನಾನ್ಯಾಕೆ ಗೇಟು ಕಾಯ್ತಿದ್ದೆ?"

ನಯನ ಬರೆದಿದ್ದನ್ನೆಲ್ಲ ಅಳಿಸಿದಳು. ಮೊಬೈಲ್ ಕವರಿನ ಚೀಟಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ತಲೆ ಎತ್ತದೆ ಬರೆದಳು. ಹತ್ತೊಂಬತ್ತು ಮನೆಗೆ ಪಟ್ಟಿ ಮಾಡಿದ್ದೇನೆ, ತೊಂಬತ್ತು ಮನೆಗೆ ಮಾಡುವುದು ಹೇಗೆ ಎಂದು ನನಗೆ ಗೊತ್ತಿಲ್ಲ, ಅದನ್ನು ಕಲಿಯಲು ನಿಮ್ಮಲ್ಲಿಗೆ ಬರಬೇಕೆಂದಿದ್ದೇನೆ, ಕರೆದ ದಿನವೇ ಹೊರಟು ಬರುತ್ತೇನೆ. ಕರುಣೆ ಅನ್ನುವ ಮಾತು ಎಲ್ಲೂ ಇರಲಿಲ್ಲ. ನಾಲ್ಕೂ ನಲವತ್ತೇಳಕ್ಕೆ ಒತ್ತಿದಳು. ಪರದೆಯ ಮೇಲೆ ಚಕ್ರ ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ಕೊನೆಗೆ "ತಲುಪಿದೆ" ಎಂದು ಬಂದಾಗ ಇಮಾಮ್ ಸಾಬ್ ನಮಗಿಂತ ಜೋರಾಗಿ ಕೂಗಿದರು.

ಸಂಜೆ ಹೊಂಗನೂರಿಗೆ ಹೋಗಿ ದಾಸಮ್ಮನಿಗೆ ಎಲ್ಲ ಹೇಳಿದೆವು. ಆಕೆ ಪಟದ ಹಿಂದಿನ ಕಾಗದ ತೆಗೆದು ಕೈಯಲ್ಲಿ ಹಿಡಿದು ಕುಸಿದು ಕೂತರು. "ಮಗಳ ಅನ್ನಕ್ಕೆ ನಾನೇ ಮಣ್ಣು ಹಾಕ್ತಿದ್ನಲ್ಲ!" ಎಂದು ಅತ್ತರು. ಪುಟ್ಟಲಿಂಗಯ್ಯ, "ನಮ್ ಕುರಿ ಆಗಿದ್ರೆ ಕೂಗಾದ್ರೂ ಹೇಳದು. ನಿನ್ ಹುಳಕ್ಕೆ ಬಾಯೇ ಇಲ್ಲ," ಎಂದು ರೇಗಿಸಿದರೂ ಆಕೆ ನಗಲಿಲ್ಲ.

ಜೂನ್ ಎರಡನೇ ವಾರ, ಗೋಡೆ ಪಟ್ಟಿಯಂತೆ ದಾಸಮ್ಮನ ಮನೆಯ ಸರದಿ. ಹುಳ ಹಣ್ಣಾಗಿ ಮೈಯೆಲ್ಲ ಹೊನ್ನಿನ ಬಣ್ಣಕ್ಕೆ ತಿರುಗಿದ್ದವು. ನಯನ ರಜೆ ಹಾಕಿದ್ದಳು, ಹೆಂಗಸರೆಲ್ಲ ಬಂದಿದ್ದರು, ನಾನೂ ಅಂಗಡಿಗೆ ಬೀಗ ಹಾಕಿ ಬಂದಿದ್ದೆ. ಹುಳ ಎತ್ತುವ ದಿನ ದಾಸಮ್ಮ ಯಾರನ್ನೂ ಏಳಗೊಡುವವರಲ್ಲ. ನೆಂಟರು ಬಂದರೂ ನೀರು ಕೊಡಲು ಎದ್ದವರಲ್ಲ.

ಹನ್ನೊಂದರ ಹೊತ್ತಿಗೆ ಕಿಟಕಿಯ ಮೇಲಿದ್ದ ನಯನಳ ಫೋನು ಟಿಣ್ ಎಂದಿತು. ಅವಳ ಎರಡು ಕೈಯಲ್ಲೂ ಹುಳ. ಅಲ್ಲಿಂದಲೇ ಕತ್ತು ಚಾಚಿ ನೋಡಿದಳು. ಮುಖ ಬದಲಾಯಿತು. "ಅವರದ್ದೇ ಮೇಲು. ಹುಳ ಎತ್ತಿ ಮುಗಿಸ್ಕಂಡು ನೋಡ್ತೀನಿ," ಎಂದು ಮತ್ತೆ ತಟ್ಟೆಗೆ ಬಗ್ಗಿದಳು. ಅವಳಿಗೆ ಹೆದರಿಕೆ, ನನಗೆ ಗೊತ್ತಾಯಿತು.

"ಏಯ್!" ದಾಸಮ್ಮನ ಕೂಗಿಗೆ ಹುಳದ ಮನೆಯೇ ಅದುರಿತು. "ಹುಳ ಹಾಳಾಗೋಗ್ಲಿ! ಮೊದ್ಲು ಅದನ್ನ ಮುಟ್ಟೇ!"

ಹೆಂಗಸರೆಲ್ಲ ಕೈ ನಿಲ್ಲಿಸಿ ಆಕೆಯನ್ನೇ ನೋಡಿದರು. ನಯನ ಕೈ ಒರೆಸಿಕೊಂಡು ತೆರೆದಳು, ಓದಲಾಗದೆ ನನ್ನ ಕೈಗೆ ಕೊಟ್ಟಳು. ಈ ಸಲ ನಾನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಎಲ್ಲ ಪುಟ ಓದಿದೆ. ಓದಿ ಮುಗಿಸಿ ಕಿರುಚಿದೆ. "ಸೀಟಾಯ್ತು! ಸೀಟಾಯ್ತು ದಾಸಕ್ಕ! ಬತ್ತೀನಿ ಅಂತ ಒಪ್ಪಿಗೆ ಒತ್ತಬೇಕಂತೆ!"

ನಯನ ಅವ್ವನನ್ನು ತಬ್ಬಿಕೊಂಡಳು. ದಾಸಮ್ಮ ಅವಳನ್ನು ಬಿಡಿಸಿಕೊಂಡರು. "ಅಳಾದು ಆಮೇಲೆ. ಎಲ್ಲಿ ಒತ್ತಬೇಕು, ತೋರ್ಸು. ನಾನೇ ಒತ್ತುತೀನಿ."

ತೋರಿಸಿದಳು. ಬೆರಳಿಗೆ ಹುಳದ ಅಂಟು ಮೆತ್ತಿದ್ದರಿಂದ ಮೊದಲ ಸಲ ಹಿಡಿಯಲಿಲ್ಲ. ದಾಸಮ್ಮ ಬೆರಳನ್ನು ಸೆರಗಿಗೆ ಗಸಗಸ ಉಜ್ಜಿ ಮತ್ತೆ ಒತ್ತಿದರು.

"ತಿಳೀತಾ ಅವ್ರಿಗೆ?"

"ತಿಳೀತು ಕಣವ್ವ."

"ಹಂಗಾರೆ ಬಾ, ಹುಳ ಎತ್ತು," ಅಂದರು ದಾಸಮ್ಮ.