ದೇವರ ಕೋಣೆಯಲ್ಲಿಟ್ಟ ಸ್ಪ್ಯಾನರು

ನಿಮ್ಮ ಅಜ್ಜನ ಬಲಗೈ ಬೆಂದದ್ದು ನನ್ನಿಂದ. ಆ ತಪ್ಪನ್ನು ನನ್ನ ಒಡಹುಟ್ಟಿದ ಅಣ್ಣನ ತಲೆಗೆ ಕಟ್ಟಿದವಳೂ ನಾನೇ.

ಕಳೆದ ಹುತ್ತರಿ ಹಬ್ಬಕ್ಕೆ ನೀವೆಲ್ಲ ಸೇರಿದ್ದಾಗ ನಿಮ್ಮಲ್ಲೊಬ್ಬರು ಅಂದಿರಿ — ನಮ್ಮ ಅಜ್ಜಿ ಪಾಪ, ಯಾರಿಗೂ ಎದುರಾಡಿದವಳಲ್ಲ ಎಂದು. ಆ ಮಾತಿಗೆ ಎದ್ದು ಒಳಗೆ ಹೋದೆ. ಅದನ್ನೂ ನೀವು ನಾಚಿಕೆ ಎಂದುಕೊಂಡಿರಿ. ಮಕ್ಕಳೇ, ಎಲ್ಲರೂ ಹೊಗಳಿದ ಆ ನಾಚಿಕೆಯ ಹಿಂದೆ ನಾನು ಏನೇನು ಬಚ್ಚಿಟ್ಟೆ — ಕೇಳಿ.

ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಯಾವುದೋ ಎಸ್ಟೇಟಿನವರು ಬಳಸಿ ಬಿಟ್ಟ ವ್ಯಾನೊಂದನ್ನು ಅಜ್ಜ ಕೊಂಡಿದ್ದರು. ಕಕ್ಕಬೆಯ ನಮ್ಮ ಮನೆಯಿಂದ ಕಿತ್ತಳೆ, ಮೆಣಸು, ಜನ ಎಲ್ಲವನ್ನೂ ಅದರಲ್ಲೇ ಗೋಣಿಕೊಪ್ಪಲಿಗೆ ಒಯ್ಯುತ್ತಿದ್ದರು. ಆಯುಧಗಳಿಗೆ ಪೂಜೆ ಮಾಡುವ ಕೈಲುಮುಹೂರ್ತ ಹಬ್ಬ ಹತ್ತಿರವಿದ್ದಾಗ ಅದರ ಡೈನಮೊವನ್ನು ಹಿಡಿದಿಡುವ ಕಬ್ಬಿಣದ ಪಟ್ಟಿ ಮುರಿಯಿತು. ಬೆಲ್ಟನ್ನು ಬಿಗಿಯಾಗಿಡುವುದೇ ಆ ಪಟ್ಟಿ. ಅದು ಹೋದರೆ ಬೆಲ್ಟು ಜಾರುತ್ತದೆ, ಫ್ಯಾನು ತಿರುಗುವುದಿಲ್ಲ, ಇಂಜಿನಿನ ನೀರು ಕುದಿಯುತ್ತದೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವನು ಗೋಣಿಕೊಪ್ಪಲಿನ ವರ್ಕ್‌ಶಾಪಿನಲ್ಲಿದ್ದ ನನ್ನ ಅಣ್ಣ, ಕುಶಾಲಣ್ಣ.

ಹಬ್ಬದ ಹಿಂದಿನ ದಿನ ಅವನು ಹೊಸ ಪಟ್ಟಿ, ಹೊಸ ಬೆಲ್ಟು ಹಿಡಿದುಕೊಂಡು ಬಸ್ಸಿನಲ್ಲಿ ಬಂದ. ಹಾರೆಯಿಂದ ಡೈನಮೊವನ್ನು ಹೊರಕ್ಕೆ ಮೀಟಿ ಹಿಡಿದು ಬೋಲ್ಟು ಬಿಗಿದ. ಹೆಬ್ಬೆರಳಿನಿಂದ ಬೆಲ್ಟನ್ನು ಒತ್ತಿ ನೋಡಿದ. ಜಗಲಿಯಲ್ಲಿ ನೆಂಟರ ನಡುವೆ ಕುಳಿತಿದ್ದ ಅಜ್ಜ ಕೂಗಿದರು, "ಏ ಭಾವಾ, ನಿಂಗೆ ಹೆಣ್ಣ್ ಯಾರ್ ಕೊಟ್ಟವೆ? ಆ ಡೈನಮೊನೇ ಮದುವೆ ಆಗ್!" ಎಲ್ಲರೂ ನಕ್ಕರು. ಅಣ್ಣನೂ ನಕ್ಕ.

ಊಟದ ಹೊತ್ತಿಗೆ ಅಜ್ಜ ನನಗೆ ಹೇಳಿದರು — "ಅವನ ಮೈಯೆಲ್ಲ ಗ್ರೀಸು, ಒಳಗೆ ಕರಿಬೇಡ. ಲೈನಿನವ್ಕೆ ಹಾಕುವ ತಟ್ಟೆಲಿ ಅಲ್ಲೇ ಹಾಕ್."

ಲೈನುಮನೆಗಳ ಕೂಲಿಯವರಿಗೆ ಬೇರೆ ತಟ್ಟೆ ಇಟ್ಟಿದ್ದೆವಲ್ಲ, ಆ ನಾಚಿಕೆಗೇಡನ್ನು ಆಗ ಯಾರೂ ನಾಚಿಕೆ ಎನ್ನಲಿಲ್ಲ. ಆ ತಟ್ಟೆಯಲ್ಲೇ ನನ್ನ ಅಣ್ಣನಿಗೆ ಅನ್ನ ಹಾಕಿದೆ, ವ್ಯಾನಿನ ಪಕ್ಕದಲ್ಲಿ, ಈ ಕೈಯಿಂದಲೇ. ಅವನು ಉಂಡ. ನನ್ನ ಮುಖ ನೋಡಲಿಲ್ಲ. ಹೊರಡುವಾಗ ಮಾತ್ರ ಹೇಳಿದ: "ತಂಗೆ, ಹೊಸ ಬೆಲ್ಟು ಒಂಚೂರು ಓಡಿರೆ ಹಿಗ್ಗುದು. ನಾಳೆ ದೂರ ಹೋಗುವ ಮೊದ್ಲು ಈ ಬೋಲ್ಟು ಸಡ್ಲ ಮಾಡಿ, ಡೈನಮೊನ ಎಳ್ದು, ಪುನಃ ಬಿಗಿ ಮಾಡೊಕು. ಭಾವಂಗೆ ಹೇಳ್. ಮರಿಬೇಡ."

ಅಜ್ಜನಿಗೇ ಏಕೆ ಹೇಳಲಿಲ್ಲ ಅವನು? ಆ ಜಗಲಿಗೆ ಮತ್ತೆ ಹೋಗಿ ನಿಲ್ಲಲು ಅವನಿಗಾದರೂ ಹೇಗೆ...

ಸಂಜೆ ಅಜ್ಜ ವ್ಯಾನನ್ನು ಊರೊಳಗೆ ಓಡಿಸಿ ನೋಡಿದರು. ಆಮೇಲೆ ಅತ್ತೆ, "ಮನೇಲಿರ್ವ ಆಯುಧ ಎಲ್ಲ ತಾ" ಎಂದರು. ಕೋವಿ, ಕತ್ತಿ, ನೇಗಿಲಿನ ಗುಳದ ಜೊತೆ ಆ ಬೋಲ್ಟು ಬಿಗಿಯುವ ವ್ಯಾನಿನ ಸ್ಪ್ಯಾನರನ್ನೂ ನಾನೇ ತಂದು ದೇವರ ಕೋಣೆಯಲ್ಲಿಟ್ಟೆ. ಇಟ್ಟ ಮೇಲೆ ಪೂಜೆ ಮುಗಿದು ಹಿರಿಯರು ತೆಗೆದುಕೊಡುವವರೆಗೆ ಯಾರೂ ಮುಟ್ಟುವಂತಿಲ್ಲ. ಮಾವ ಬಾಗಿಲು ಹಾಕಿದರು.

ಬೆಳಗ್ಗೆ, ಪೂಜೆಗೆ ಮೊದಲೇ, ವಿರಾಜಪೇಟೆಯಿಂದ ನಾದಿನಿಯ ಮನೆಯವರನ್ನು ಕರೆತರಲು ಅಜ್ಜ ಹೊರಟರು. ಕಾಫಿ ಕೊಟ್ಟಾಗ ಕೇಳಿದರು: "ನಿನ್ನ ಅಣ್ಣ ಎಂತಾದ್ರೂ ಹೇಳಿಕೊಂಡು ಹೋಗ್ಯನಾ?"

ತಲೆ ಅಲ್ಲಾಡಿಸಿದೆ. ಇಲ್ಲ ಎಂದು.

ಮಾವ ಎದುರಿಗಿದ್ದರು, ಪೂಜೆಗಿಟ್ಟ ಸ್ಪ್ಯಾನರು ತೆಗೆಸಿ ಎನ್ನಲು ನಾಲಿಗೆ ಏಳಲಿಲ್ಲ — ಹೀಗೆಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಸುಳ್ಳು! ನಾಲಿಗೆ ಎದ್ದಿತ್ತು, ನಾನೇ ಕಚ್ಚಿ ಹಿಡಿದೆ. ಆ ತಟ್ಟೆ ಕಣ್ಣೆದುರಿಗಿತ್ತು. ನಿಲ್ಲಲಿ ಇವರ ವ್ಯಾನು ನಡುದಾರಿಯಲ್ಲಿ, ಹಬ್ಬದ ದಿನವೇ ನಿಲ್ಲಲಿ, ಹೋಗಿಬರುವವರೆಲ್ಲ ನೋಡಿ ನಗಲಿ — ಹೀಗೆ ಬಯಸಿದೆ. ವ್ಯಾನು ಗೇಟು ದಾಟುವಾಗ ನನಗೆ ಖುಷಿಯಾಗಿತ್ತು.

ಅದು ಏರಿನಲ್ಲಿ ನಿಂತಿತು. ಬೆಲ್ಟು ಕಿರುಚುತ್ತಲೇ ಇತ್ತಂತೆ, ಅಜ್ಜ ಕೇಳಿಸಿಕೊಳ್ಳಲಿಲ್ಲ. ಇಳಿದ ಅಜ್ಜ, ನೀರು ಆರುವವರೆಗೆ ಕಾಯಲಾರದೆ, ರೇಡಿಯೇಟರಿನ ಮುಚ್ಚಳ ತಿರುಗಿಸಿಬಿಟ್ಟರು. ಕುದಿಯುವ ನೀರು ಬಲಗೈಗೆ ಹಾರಿತು. ಬೆರಳುಗಳು ಮಡಚಿಕೊಂಡೇ ಉಳಿದವು. ಪ್ರತಿ ಹಬ್ಬಕ್ಕೂ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಮೊದಲ ಗುಂಡು ಹೊಡೆಯುತ್ತಿದ್ದವರು ಆಮೇಲೆ ಕೋವಿ ಮುಟ್ಟಲಿಲ್ಲ.

ಸುದ್ದಿ ಕೇಳಿ ಅಣ್ಣ ಓಡಿ ಬಂದ. ಅಂಗಳದಲ್ಲಿ ನೆಂಟರೆಲ್ಲ ಇದ್ದರು. ಅಜ್ಜ ನೋವಿನಲ್ಲೇ ಕೂಗಿದರು, "ಬೆಲ್ಟು ಕಟ್ಟಿಕೆ ಗೊತ್ಲದವ ನೀ ಎಂತ ಮೇಸ್ತ್ರಿ!" ಅಣ್ಣ ನನ್ನ ಕಡೆಗೆ ತಿರುಗಿದ.

"ತಂಗೆ, ನಾ ನಿಂಗೆ ಹೇಳಿದ್ದೆ ಅಲ್ಲಾ?"

"ನಂಗೆ ಗೊತ್ಲೆ."

ಗೊತ್ತಿಲ್ಲ — ಇಷ್ಟೇ ಅಂದೆ. ಅವನು ಅಂಗಳ ದಾಟಿ ಹೋದ. ನಮ್ಮ ಕಡೆಯವರು ಯಾರೂ ಅವನಿಗೆ ರಿಪೇರಿಗೆ ಗಾಡಿ ಕೊಡಲಿಲ್ಲ, ವರ್ಕ್‌ಶಾಪಿನವರೂ ಕೆಲಸ ಬಿಡಿಸಿದರು. ಬಾಳೆಲೆ ಎಂಬ ಊರಿನಲ್ಲಿ ಗದ್ದೆ ಗುತ್ತಿಗೆಗೆ ಹಿಡಿದು ಬದುಕಿದ. ನನ್ನ ಮಕ್ಕಳ ಮದುವೆಗೆ ಸೋದರಮಾವನಾಗಿ ನಿಲ್ಲಬೇಕಾದವನು — ಬರಲಿಲ್ಲ. ಕರೆದರಲ್ಲವೇ ಬರುವುದು? ನೀವೂ ಚಿಕ್ಕವರಿದ್ದಾಗಿನಿಂದ ಕೇಳಿದ್ದೀರಿ, ಅಜ್ಜನ ಕೈ ಹಾಳು ಮಾಡಿದವನು ಬಾಳೆಲೆಯ ಅಜ್ಜ ಎಂದು. ಅದನ್ನು ನೀವು ಆಡುವಾಗೆಲ್ಲ ನಾನು ಅಲ್ಲೇ ಇದ್ದೆ, ನಿಮಗೆ ಬಡಿಸುತ್ತಿದ್ದೆ.

ಅಜ್ಜ ಸಾಯುವವರೆಗೂ ಅವರ ಬಾಯಿಗೆ ತುತ್ತಿಟ್ಟೆ. ಊರವರು ಅದನ್ನೂ ಹೊಗಳಿದರು. ಆಗಲೂ ಹೇಳಲಿಲ್ಲ. ಹಬ್ಬದ ಮುನ್ನಾದಿನ ಅನ್ನ ಹಾಕುವಾಗ ಅಜ್ಜನ ಜೊತೆ ಎರಡು ಮಾತು ಜಗಳವಾಡಿದ್ದರೆ ಸಾಕಿತ್ತು. ಅಲ್ಲೇ ಹೊರಹಾಕಬೇಕಾಗಿದ್ದ ಸಿಟ್ಟನ್ನು ತಲೆ ತಗ್ಗಿಸಿಕೊಂಡೇ ಇಬ್ಬರ ಮೇಲೂ ತೀರಿಸಿದೆ. ಅಣ್ಣನಾದರೋ ನನಗೆ ಯಾವ ಕೆಡುಕನ್ನೂ ಮಾಡಿದವನಲ್ಲ.

ಅವನು ಇನ್ನೂ ಇದ್ದಾನೆ. ಕಣ್ಣು ಮಂಜಂತೆ. ಈ ಕೈಲುಮುಹೂರ್ತಕ್ಕೆ ನಿಮ್ಮಲ್ಲಿ ಒಬ್ಬರು ಬಾಳೆಲೆಗೆ ಹೋಗಿ ಅವನನ್ನು ಕರೆತನ್ನಿ. ಬಾರದಿದ್ದರೆ ನನ್ನನ್ನೇ ಅವನ ಅಂಗಳಕ್ಕೆ ಕರೆದೊಯ್ಯಿರಿ, ನೀವೆಲ್ಲರೂ ಬನ್ನಿ. ಎಲ್ಲರೆದುರು ಅವನು ಅಂದಿನ ಆ ಪ್ರಶ್ನೆಯನ್ನು ನನಗೆ ಇನ್ನೊಮ್ಮೆ ಕೇಳಲಿ. ನಾನು ತಲೆ ತಗ್ಗಿಸಿದರೆ, ಅಜ್ಜಿಗೆ ನಾಚಿಕೆ ಎಂದು ಬಿಟ್ಟುಬಿಡಬೇಡಿ. "ನೀ ಹೇಳಿದ್ದಿ ಅಣ್ಣಾ" ಎಂದು ನನ್ನ ಬಾಯಿಂದ ಬರುವವರೆಗೆ ಯಾರೂ ಊಟಕ್ಕೆ ಏಳಬೇಡಿ.