ಹದಿನಾಲ್ಕು ಹೆಸರು, ಮೂರು ನಿಮಿಷ

ದೇಶದ ಆರ್ಥಿಕ ಯೋಜನೆಗೆ ಸಲಹೆ ಕೊಡಲು ದೆಹಲಿಯಲ್ಲಿ ಹೊಸ ಮಂಡಳಿ ಕಟ್ಟುತ್ತಾರಂತೆ, ಅದರಲ್ಲಿ ಯಾರಿರಬೇಕು ಎಂದು ಊರೂರಿನವರನ್ನು ಕೇಳುತ್ತಾರಂತೆ ಎಂದು ಸುದ್ದಿಯಾಯಿತು. ಸೊಲ್ಲಾಪುರದ ನಮ್ಮ ವ್ಯಾಪಾರಿಗಳ ಸಂಘ ಸಭೆ ಕರೆಯಿತು. ಬರೆದುಕೊಳ್ಳಲು ದೊಡ್ಡ ಸಾಹೇಬರೊಬ್ಬರು ಬರುವವರಿದ್ದರು. ಟವೆಲ್ ಮಾರುವ ನನಗೂ ಮೂರು ನಿಮಿಷ ಸಿಕ್ಕಿತು.

ಇದನ್ನು ನಾಗಣಸೂರಿನ ಅಕ್ಕನಿಗೆ ಹೇಳಿದ್ದೇ ತಪ್ಪಾಯಿತು. ಅವಳ ಹೊಲಕ್ಕೂ ಊರಿಗೂ ನಡುವೆ ಹಳ್ಳ, ಅದಕ್ಕೆ ಸೇತುವೆಯಿಲ್ಲ. ಮಳೆ ಬಂದರೆ ಎರಡು ದಿನ ದಾಟುವಂತಿಲ್ಲ. ಕೊಯ್ದ ಬೆಂಡೆಕಾಯಿ ಬುಟ್ಟಿಯಲ್ಲೇ ಬಾಡಿ ದನದ ಪಾಲಾಗುತ್ತದೆ.

"ಆ ಮಂಡಳಿದಾಗ ಒಕ್ಕಲುತನದವ್ರನ್ನ ಒಬ್ಬರನ್ನರ ಕುಂದ್ರಸ್ರಿ ಅಂತ ಹೇಳು. ಹಳ್ಳ ಅಂದ್ರ ಏನಂತ ಅವ್ರಿಗೆ ಗೊತ್ತಿರತದ. ನಮ್ಮ ಹಳ್ಳಕ್ಕ ಪೂಲು ಕಟ್ಟೋ ಮಾತೂ ತಗಿ. ಇಷ್ಟ ಹೇಳಿ ಬಾ, ತಮ್ಮಾ," ಎಂದಳು. ಹೂಂ ಎಂದೆ.

ಸಭೆ ಹನ್ನೊಂದಕ್ಕೆ. ಸಾಹೇಬರು ಬಂದದ್ದು ಒಂದಕ್ಕೆ. ಆಮೇಲೆ ಸತ್ಕಾರ; ಅದಿಲ್ಲದೆ ನಮ್ಮ ಕಡೆ ಸಭೆಯೇ ಇಲ್ಲ. ವೇದಿಕೆಯ ಮೇಲೆ ಹದಿನಾಲ್ಕು ಜನ. ಒಬ್ಬೊಬ್ಬರಿಗೂ ಶಾಲು, ತೆಂಗಿನಕಾಯಿ, ತಲೆಗೆ ಫೇಟಾ. ಫೇಟಾ ಸುತ್ತುವವನು ಒಬ್ಬನೇ, ಅವನಿಗೂ ಅವಸರವಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ದೇಶದ ಆರ್ಥಿಕತೆ ಒಂದು ಕಡೆ ಇರಲಿ, ಊಟವೂ ಆರಿಹೋಗುತ್ತಿತ್ತು. ಮಾತಾಡುವವರಿಗೂ ಫೇಟಾ ಎಂದು ಮರಾಠಿಯಲ್ಲಿ ಕೂಗಿದಾಗ ಬೇಡ ಎನ್ನಬೇಕಿತ್ತು. ತಲೆ ಬಗ್ಗಿಸಿದೆ.

ಕೊನೆಗೆ ಮೈಕು ಕೈಗೆ ಬಂತು. ವೇದಿಕೆಯವರಲ್ಲಿ ಒಬ್ಬರ ಹೆಸರು ಬಿಟ್ಟರೂ ವರ್ಷಗಟ್ಟಲೆ ಮುಖ ಊದಿಸಿಕೊಂಡು ಓಡಾಡುತ್ತಾರೆ. ಹಾಗಾಗಿ ಹದಿನಾಲ್ಕೂ ಹೆಸರನ್ನು ಹುದ್ದೆ ಸಮೇತ, ದೊಡ್ಡವರಿಂದ ಚಿಕ್ಕವರಿಗೆ ಹೇಳುತ್ತಾ ಹೋದೆ. ಒಂಬತ್ತನೆಯವರನ್ನು ಹತ್ತನೆಯವರ ಹಿಂದೆ ಹಾಕಿದೆ. ಅವರ ಹುಬ್ಬು ಏರಿತು. ಕ್ಷಮೆ ಕೇಳಿ ಮತ್ತೆ ಮೊದಲಿನಿಂದ ಹೇಳಿದೆ. ವಿಷಯಕ್ಕೆ ಬರುತ್ತೇನೆ ಎನ್ನುವಷ್ಟರಲ್ಲಿ ಗಂಟೆ ಬಾರಿಸಿದರು. ಸಾಹೇಬರು ಪೆನ್ನಿನ ಕ್ಯಾಪು ಕೂಡ ತೆಗೆದಿರಲಿಲ್ಲ. ಚಪ್ಪಾಳೆ ಮಾತ್ರ ಜೋರಾಗಿ ಬಿತ್ತು, ಸುಳ್ಳೇಕೆ, ನನಗೆ ಖುಷಿಯೂ ಆಯಿತು.

ಸಂಜೆ ಅಕ್ಕನ ಫೋನ್. "ಹೇಳಿದೇನು?"

"ಮಾತಾಡಾಕ ಎಲ್ಲಿ ಬಿಟ್ರು, ಅಕ್ಕಾ? ಬರೇ ಸತ್ಕಾರ, ಬರೇ ಮಾನ-ಸನ್ಮಾನ! ಇಂಥಾವ್ರು ದೇಶಕ್ಕ ಸಲಹಾ ಕೊಡತಾರ!" ಎಂದು ರೇಗಾಡಿದೆ. ಸಾಹೇಬರನ್ನು, ಸಂಘವನ್ನು, ಫೇಟಾ ಸುತ್ತುವವನನ್ನು ಕೂಡ ಬಿಡಲಿಲ್ಲ. ನನಗೆ ಮೂರು ನಿಮಿಷ ಸಿಕ್ಕಿದ್ದನ್ನು ಮಾತ್ರ ನುಂಗಿಕೊಂಡೆ.

ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ವಿಡಿಯೋ ಬಂದದ, ನೋಡೀನಿ," ಎಂದಳು. "ಹೆಸರು ಬಾಳ ಚಂದ ಹೇಳೀದಿ, ಎರಡೆರಡು ಸಲ. ಆ ಮಂಡಳಿಗೆ ನೀನ ಬರೋಬರಿ ಇದ್ದಿ, ತಮ್ಮಾ."